ಕೆರೆಗೆ ಬ್ಯಾಕ್ಟೀರಿಯಾ ಪ್ಯಾಕೆಟ್ ಸುರಿಯುವ ಮುನ್ನ ಒಂದು ಲೆಕ್ಕ

ಕೆರೆ ಹಸಿರುಗಟ್ಟಿತು ಅಂದ ತಕ್ಷಣ ಯಾರಾದರೊಬ್ಬರು 'ಬಯೋ ಕಲ್ಚರ್' ಪ್ಯಾಕೆಟ್ ಹಿಡಿದು ಬರುತ್ತಾರೆ. ಗ್ರಾಂಗೆ ನೂರು ಕೋಟಿ ಬ್ಯಾಕ್ಟೀರಿಯಾ, ಸುರಿದರೆ ಪಾಚಿ ಮಾಯ ಅನ್ನುವ ಮಾತು. ನೂರು ಕೋಟಿ ಅಂದರೆ ಕೇಳೋಕೆ ಭಾರಿ. ಲೆಕ್ಕ ಹಾಕಿ ನೋಡಿ.

ಒಂದು ಕೆಜಿ ಪ್ಯಾಕೆಟ್‌ನಲ್ಲಿ ಒಟ್ಟು ಒಂದು ಲಕ್ಷ ಕೋಟಿ ಬ್ಯಾಕ್ಟೀರಿಯಾ ಆಯಿತು. ಯಾರೂ ಏನೂ ಹಾಕದ ಕೆರೆಯ ನೀರಿನಲ್ಲೇ ಮಿಲಿಲೀಟರಿಗೆ ಸುಮಾರು ಹತ್ತು ಲಕ್ಷ ಇರುತ್ತವೆ, ಕೊಳಚೆ ಸೇರುವ ಕೆರೆಯಲ್ಲಿ ಇನ್ನೂ ಜಾಸ್ತಿ. ಅಂದರೆ ಆ ಇಡೀ ಪ್ಯಾಕೆಟ್‌ನಷ್ಟು ಜೀವಿಗಳು ಸಾವಿರ ಲೀಟರ್ ಕೆರೆ ನೀರಿನಲ್ಲಿ ಆಗಲೇ ಇವೆ. 25 ಎಕರೆಯ, ಸರಾಸರಿ ಎರಡು ಮೀಟರ್ ಆಳದ ಕೆರೆಯಲ್ಲಿ ಅಂಥ ಸಾವಿರ ಲೀಟರಿನ ಟ್ಯಾಂಕು ಎರಡು ಲಕ್ಷ ತುಂಬುತ್ತವೆ. ಹೊಸದಾಗಿ ಬಿದ್ದವನ್ನು ತಿನ್ನಲು ಏಕಕೋಶ ಜೀವಿಗಳೂ ಕಾದಿರುತ್ತವೆ. ನಮ್ಮ ಕೆರೆಗಳಿಗೆ ಬ್ಯಾಕ್ಟೀರಿಯಾದ ಬರ ಬಂದಿಲ್ಲ.

ಪಾಚಿಗೂ ಬ್ಯಾಕ್ಟೀರಿಯಾಕ್ಕೂ ವೈರ ಅನ್ನುವ ನಂಬಿಕೆಯೇ ಈ ವ್ಯಾಪಾರದ ಬಂಡವಾಳ. ಮೊದಲನೆಯದಾಗಿ, ಬೇಸಿಗೆಯಲ್ಲಿ ನೀರಿನ ಮೇಲೆ ಹಸಿರು ಪೇಂಟಿನಂತೆ ತೇಲುವ ಮೈಕ್ರೋಸಿಸ್ಟಿಸ್ ತಾನೇ ಒಂದು ಬ್ಯಾಕ್ಟೀರಿಯಾ, ಸಯನೋಬ್ಯಾಕ್ಟೀರಿಯಾ. ಅದರ ಲೋಳೆಯ ಗುಂಪಿನೊಳಗೆ ಬೇರೆ ಬ್ಯಾಕ್ಟೀರಿಯಾಗಳು ಸಂಸಾರ ಹೂಡಿರುತ್ತವೆ. ಪಾಚಿಯಿಂದ ಸೋರುವ ಸಕ್ಕರೆ ತಿಂದು, ಇಂಗಾಲದ ಡೈಆಕ್ಸೈಡನ್ನೂ ಗೊಬ್ಬರದ ಅಂಶಗಳನ್ನೂ ಹಿಂದಕ್ಕೆ ಕೊಡುತ್ತವೆ. ಬಿಸಿಲಿನಲ್ಲಿ ಉಂಟಾಗುವ ಹೈಡ್ರೋಜನ್ ಪೆರಾಕ್ಸೈಡನ್ನು ಒಡೆದು ಪಾಚಿಯನ್ನು ಕಾಯುತ್ತವೆ. ನಿಜವಾದ ಪಾಚಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜಾತಿಗಳಿಗೆ ಬಿ12 ವಿಟಮಿನ್ ಹೊರಗಿನಿಂದ ಬೇಕು, ಅದನ್ನು ತಯಾರಿಸುವುದೂ ಬ್ಯಾಕ್ಟೀರಿಯಾಗಳೇ. ಇನ್ನೊಂದು ಕಡೆ, ಸ್ಫಿಂಗೋಮೊನಾಸ್ ಗುಂಪಿನ ಕೆಲವು ಬ್ಯಾಕ್ಟೀರಿಯಾಗಳು ಮೈಕ್ರೋಸಿಸ್ಟಿಸ್ ತಯಾರಿಸುವ ಮೈಕ್ರೋಸಿಸ್ಟಿನ್ ಎಂಬ ವಿಷದ ಉಂಗುರದಾಕಾರದ ಅಣುವನ್ನೇ ಕತ್ತರಿಸಿ ತಿಂದುಹಾಕುತ್ತವೆ. ಕುದಿಸಿದರೂ ಹೋಗದ ವಿಷ ಅದು.

ಅಸಲು ಲೆಕ್ಕ ಇರುವುದು ಪಾಚಿಗೆ ಗೊಬ್ಬರವಾಗುವ ರಂಜಕದಲ್ಲಿ, ಅಂದರೆ ಫಾಸ್ಫರಸ್‌ನಲ್ಲಿ. ಮನೆಗಳ ಕೊಳಚೆಯಲ್ಲಿ ಲೀಟರಿಗೆ 5 ಮಿಲಿಗ್ರಾಂ ರಂಜಕ ಎಂದಿಟ್ಟುಕೊಂಡರೂ, ದಿನಕ್ಕೆ ಹತ್ತು ಲಕ್ಷ ಲೀಟರ್ ಕೊಳಚೆ ಬಂದರೆ 5 ಕೆಜಿ ರಂಜಕ ಕೆರೆಗೆ ಸೇರಿತು. ಒಂದು ಗ್ರಾಂ ರಂಜಕಕ್ಕೆ ಒಣ ತೂಕದಲ್ಲಿ ಸುಮಾರು 100 ಗ್ರಾಂ ಪಾಚಿ ಬೆಳೆಯಬಲ್ಲದು. ಅಷ್ಟು ಪಾಚಿ ಸತ್ತು ಪೂರ್ತಿ ಕೊಳೆಯಬೇಕಾದರೆ ಬ್ಯಾಕ್ಟೀರಿಯಾಗಳು ಸುಮಾರು 140 ಗ್ರಾಂ ಆಮ್ಲಜನಕ ಎಳೆಯುತ್ತವೆ. ಬೆಂಗಳೂರಿನ ಎತ್ತರದಲ್ಲಿ, 25 ಡಿಗ್ರಿಯಲ್ಲಿ, ಒಂದು ಲೀಟರ್ ನೀರು ಹಿಡಿದಿಡುವುದು ಏಳೂವರೆ ಮಿಲಿಗ್ರಾಂ ಮಾತ್ರ. ಒಂದೇ ಗ್ರಾಂ ರಂಜಕ, ಆರು ಸಾವಿರ ಲೀಟರಿನ ಮೂರು ಟ್ಯಾಂಕರ್ ನೀರಿನ ಉಸಿರು ತೆಗೆಯಬಲ್ಲದು. ದಿನಕ್ಕೆ ಬರುತ್ತಿರುವುದು ಐದು ಸಾವಿರ ಗ್ರಾಂ.

ಸಾರಜನಕವನ್ನಾದರೂ ಬ್ಯಾಕ್ಟೀರಿಯಾಗಳು ಅನಿಲ ಮಾಡಿ ಗಾಳಿಗೆ ಬಿಡುತ್ತವೆ. ರಂಜಕಕ್ಕೆ ಆ ದಾರಿ ಇಲ್ಲ. ನೀರಿನಿಂದ ಪಾಚಿಗೆ, ಪಾಚಿಯಿಂದ ಹೂಳಿಗೆ, ಹೂಳಿನಿಂದ ಮತ್ತೆ ನೀರಿಗೆ. ತಳದಲ್ಲಿ ಆಮ್ಲಜನಕ ಮುಗಿದಾಗ ಅಲ್ಲಿನ ಬ್ಯಾಕ್ಟೀರಿಯಾಗಳು ಕಬ್ಬಿಣದ ತುಕ್ಕನ್ನು ಕರಗಿಸುತ್ತವೆ, ತುಕ್ಕಿಗೆ ಅಂಟಿದ್ದ ರಂಜಕ ಮೇಲೇಳುತ್ತದೆ. ಕೊಳಚೆ ನಿಲ್ಲಿಸಿದ ಮೇಲೂ ಎಷ್ಟೋ ವರ್ಷ ಪಾಚಿ ಏಳುವುದು ಇದರಿಂದಲೇ.

ಮೀನು ಸಾಯುವುದು ಹೆಚ್ಚಾಗಿ ಬೆಳಗಿನ ಜಾವ, ಯಾಕೆಂದರೆ ರಾತ್ರಿಯಿಡೀ ಪಾಚಿಯೂ ಬ್ಯಾಕ್ಟೀರಿಯಾಗಳೂ ಸೇರಿ ಆಮ್ಲಜನಕ ಉಸಿರಾಡಿ ಮುಗಿಸಿರುತ್ತವೆ. ಹನ್ನೊಂದು ಗಂಟೆಗೆ ಬಂದು ಸ್ಯಾಂಪಲ್ ತೆಗೆದು 'ಆಮ್ಲಜನಕ ಚೆನ್ನಾಗಿದೆ' ಎಂದು ಬರೆಯುವ ವರದಿಗೆ ಮೂರು ಕಾಸಿನ ಬೆಲೆಯಿಲ್ಲ. ಬೆಳಿಗ್ಗೆ ಆರಕ್ಕೆ ಒಂದು ಸಲ, ಮಧ್ಯಾಹ್ನ ಮೂರಕ್ಕೆ ಒಂದು ಸಲ ಅಳೆಯಿರಿ. ಬೆಳಿಗ್ಗೆ ಲೀಟರಿಗೆ 2 ಮಿಲಿಗ್ರಾಂಗಿಂತ ಕಡಿಮೆ, ಮಧ್ಯಾಹ್ನ 12-15 ಇದ್ದರೆ ಕೆರೆ ಅಪಾಯದ ಅಂಚಿನಲ್ಲಿದೆ. ಮಧ್ಯಾಹ್ನ ಪಿಎಚ್ ಕೂಡ ನೋಡಿ. ಪಿಎಚ್ 7ರಲ್ಲಿ, ನೀರಿನಲ್ಲಿರುವ ಒಟ್ಟು ಅಮೋನಿಯಾದ ನೂರರಲ್ಲಿ ಒಂದು ಪಾಲೂ ಮೀನಿಗೆ ವಿಷವಾಗುವ ರೂಪದಲ್ಲಿ ಇರುವುದಿಲ್ಲ, ಪಾಚಿ ಪಿಎಚ್ ಅನ್ನು 9ಕ್ಕೆ ಏರಿಸಿದಾಗ ಮೂರನೇ ಒಂದು ಪಾಲಿಗೂ ಹೆಚ್ಚು ಆ ರೂಪಕ್ಕೆ ತಿರುಗುತ್ತದೆ.

ಯಾವ ಪಾಚಿ ಎಂದು ತಿಳಿಯಲು ಗಾಜಿನ ಬಾಟಲಿಯಲ್ಲಿ ನೀರು ತುಂಬಿ ರಾತ್ರಿ ಅಲುಗಾಡಿಸದೆ ಇಡಿ, ಕೈಗೆ ಗ್ಲೌಸ್ ಇರಲಿ. ಬೆಳಿಗ್ಗೆ ಹಸಿರು ಮೇಲೆ ಕಟ್ಟಿದ್ದರೆ ಸಯನೋಬ್ಯಾಕ್ಟೀರಿಯಾದ ಶಂಕೆ, ಅವುಗಳ ಕೋಶದಲ್ಲಿ ಗಾಳಿಯ ಚೀಲಗಳಿವೆ. ತಳಕ್ಕೆ ಇಳಿದಿದ್ದರೆ ಸಾಮಾನ್ಯವಾಗಿ ಹಸಿರು ಪಾಚಿ. ಖಚಿತ ಮಾಡಿಕೊಳ್ಳಲು ಸೂಕ್ಷ್ಮದರ್ಶಕವೇ ಬೇಕು. ಅಲ್ಲಿಯವರೆಗೆ ದನಗಳನ್ನು ಆ ನೀರಿಗೆ ಬಿಡಬೇಡಿ.

ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕಿ ಒಂದೇ ಸಲಕ್ಕೆ ಪಾಚಿ ಕೊಲ್ಲುವುದು ಇನ್ನೂ ಕೆಟ್ಟ ಉಪಾಯ. ವಿಷ ಬಹುಪಾಲು ಕೋಶದ ಒಳಗಿರುತ್ತದೆ, ಕೋಶ ಒಡೆದರೆ ನೀರಿಗೆ ಬರುತ್ತದೆ. ಸತ್ತ ರಾಶಿಯ ಮೇಲೆ ಬ್ಯಾಕ್ಟೀರಿಯಾಗಳು ಮುಗಿಬಿದ್ದು ಆಮ್ಲಜನಕ ಖಾಲಿ ಮಾಡುತ್ತವೆ. 1979ರಲ್ಲಿ ಆಸ್ಟ್ರೇಲಿಯಾದ ಪಾಮ್ ಐಲ್ಯಾಂಡ್‌ನಲ್ಲಿ ಕುಡಿಯುವ ನೀರಿನ ಜಲಾಶಯಕ್ಕೆ ಮೈಲುತುತ್ತ ಹಾಕಿದ ಮೇಲೆ ಸುಮಾರು 150 ಜನ ಕಾಯಿಲೆ ಬಿದ್ದರು, ಹೆಚ್ಚಿನವರು ಮಕ್ಕಳು.

ಹಾಗಾದರೆ ದುಡ್ಡು ಎಲ್ಲಿ ಹಾಕಬೇಕು? ಮೊದಲು ರಾಜಕಾಲುವೆಯಿಂದ ಬರುವ ಕೊಳಚೆ ತಿರುಗಿಸಲು. ಎಸ್‌ಟಿಪಿ (ಕೊಳಚೆ ಶುದ್ಧೀಕರಣ ಘಟಕ) ನೀರನ್ನೇ ಕೆರೆಗೆ ಬಿಡುವುದಾದರೆ ಬಿಒಡಿ, ಅಂದರೆ ಕೊಳೆಯನ್ನು ಒಡೆಯಲು ಬ್ಯಾಕ್ಟೀರಿಯಾಗಳಿಗೆ ಬೇಕಾಗುವ ಆಮ್ಲಜನಕದ ವರದಿ ತೋರಿಸಿದರೆ ಸಾಲದು, ಒಟ್ಟು ರಂಜಕದ ಅಂಕಿ ಕೇಳಿ. ಕೆರೆ ನೀರಲ್ಲಿ ಅದು ಲೀಟರಿಗೆ 0.1 ಮಿಲಿಗ್ರಾಂ ದಾಟಿತೆಂದರೆ ಪಾಚಿಗೆ ಹಬ್ಬ. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಮಾಡಿದಂತೆ ನಡುವೆ ಜೊಂಡಿನ ಜೌಗು ಇರಲಿ, ಆದರೆ ಜೊಂಡನ್ನು ಕಾಲಕಾಲಕ್ಕೆ ಕೊಯ್ದು ಕೆರೆಯ ಹೊರಗೆ ಸಾಗಿಸಬೇಕು. ದಡದಲ್ಲೇ ರಾಶಿ ಹಾಕಿದರೆ ಮೊದಲ ಮಳೆಗೆ ರಂಜಕ ವಾಪಸ್. ಹೂಳೆತ್ತುವುದು ಕೊಳಚೆ ನಿಂತ ಮೇಲಿನ ಕೆಲಸ.

ಇಷ್ಟಾದರೂ ಸಮಿತಿಯಲ್ಲಿ ಪ್ಯಾಕೆಟ್ ಬೇಕೇ ಬೇಕು ಅನ್ನುವವರಿದ್ದರೆ, ಮಾರುವವರ ಎದುರಿಗೇ 200 ಲೀಟರಿನ ನಾಲ್ಕು ಡ್ರಮ್ ಇಡಿ. ನಾಲ್ಕಕ್ಕೂ ಅದೇ ಕೆರೆಯ ನೀರು, ಒಂದೊಂದು ಬಕೆಟ್ ಹೂಳು. ಒಂದಕ್ಕೆ ಪ್ಯಾಕೆಟ್ ಮಾತ್ರ, ಒಂದಕ್ಕೆ ಗಾಳಿ ಊದುವ ಏರೇಟರ್ ಮಾತ್ರ, ಒಂದಕ್ಕೆ ಎರಡೂ, ಒಂದಕ್ಕೆ ಏನೂ ಬೇಡ. ಎರಡು ವಾರ ಬಿಟ್ಟು, ತಳ ಸಮೇತ ಚೆನ್ನಾಗಿ ಕದಡಿ, ಒಟ್ಟು ರಂಜಕ ಅಳೆಸಿ. ಏರೇಟರ್ ಹಾಕಿದ ಎರಡರಲ್ಲಿ ವಾಸನೆ ಕಡಿಮೆಯಾಗಿರಬಹುದು, ಆ ಹೆಸರನ್ನು ಪ್ಯಾಕೆಟ್ ಹೊಡೆದುಕೊಳ್ಳದ ಹಾಗೆ ನೋಡಿಕೊಳ್ಳಿ. ರಂಜಕ ಮಾತ್ರ ನಾಲ್ಕರಲ್ಲೂ ಹಾಗೇ ಕೂತಿರುತ್ತದೆ.