ಮೊದಲು ಶ್ರುತಿ ಹೇಳಿಕೊಡಿ

ಭಾನುವಾರ ಸಂಜೆಯಿಂದ ಮನಸ್ಸು ಸರಿ ಇಲ್ಲ. ಬರೆದು ಹೊರಗೆ ಹಾಕಿಬಿಡೋಣ ಅಂತ ಕೂತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ.

ನಮ್ಮ ಗುಂಪು ನಿಮಗೆ ಗೊತ್ತೇ ಇದೆ. ತಿಂಗಳಿಗೊಮ್ಮೆ ಯಾರದಾದರೂ ಮನೇಲಿ ಸೇರಿ ಒಂದು ರೆಕಾರ್ಡನ್ನು ಪೂರ್ತಿ ಕೇಳುತ್ತೇವೆ. ಈ ಸಲ ಬಸವನಗುಡಿಯ ಮನೆ, ಅಮೆರಿಕದ ರಾಕ್ ಬ್ಯಾಂಡ್ ಸೋನಿಕ್ ಯೂತ್ ಸರದಿ. 1988ರ ‘ಡೇಡ್ರೀಮ್ ನೇಷನ್’ ಹಾಕಿದೆವು. ಎರಡು ಎಲ್‌ಪಿ, ಎಪ್ಪತ್ತು ನಿಮಿಷ. ಒಬ್ಬರೂ ಮಾತಾಡಲಿಲ್ಲ. ಮುಗಿದ ಮೇಲೂ ಒಂದೆರಡು ನಿಮಿಷ ಹಾಗೇ ಕೂತಿದ್ದೆವು. ಅಷ್ಟು ಚೆನ್ನಾಗಿತ್ತು.

ಆಮೇಲೆ ಗೆಳೆಯನ ಅಕ್ಕನ ಮಗ ಮೂಲೆಯಿಂದ ಗಿಟಾರ್ ತಂದ. ಹತ್ತೊಂಬತ್ತು ವರ್ಷದ ಹುಡುಗ. ಸೆಕೆಂಡ್ ಹ್ಯಾಂಡ್ ಗಿಟಾರ್, ನೆಕ್ ಸ್ವಲ್ಪ ಬಾಗಿದೆ, ತಂತಿ ಬಿಗಿ ಮಾಡುವ ಒಂದು ಕಿವಿ ಸಡಿಲ. ‘ಅಂಕಲ್, ಈ ಥರ ಸದ್ದು ಇದರಲ್ಲಿ ಬರುತ್ತಾ?’ ಅಂತ ಕೇಳಿದ. ಅಷ್ಟೇ ಅವನು ಕೇಳಿದ್ದು.

ಮುಕ್ಕಾಲು ಗಂಟೆ ಉತ್ತರ ಕೊಟ್ಟೆವು. ಫೆಂಡರ್ ಕಂಪನಿಯ ಜಾಝ್‌ಮಾಸ್ಟರ್ ಗಿಟಾರ್ ಬೇಕು ಅಂದರು ಒಬ್ಬರು. ಹೊಸದಲ್ಲ, ಅರವತ್ತರ ದಶಕದ್ದೇ ಬೇಕು ಅಂದರು ಇನ್ನೊಬ್ಬರು. ಬ್ಯಾಂಡಿನ ಗಿಟಾರ್ ವಾದಕ ಥರ್ಸ್ಟನ್ ಮೂರ್ ಬಳಸಿದ ಪೀವಿ ರೋಡ್‌ಮಾಸ್ಟರ್ ಆಂಪ್ (ಸದ್ದು ದೊಡ್ಡದು ಮಾಡುವ ಪೆಟ್ಟಿಗೆ) ಬಗ್ಗೆ ಮಾತಾಯಿತು. ಇನ್ನೊಬ್ಬ ಗಿಟಾರ್ ವಾದಕ ಲೀ ರನಾಲ್ಡೊ ಬಳಸಿದ ಫೆಂಡರ್ ಸೂಪರ್ ರಿವರ್ಬ್ ಆಂಪ್ ಬಂತು. ಸದ್ದನ್ನು ಒರಟು ಮಾಡುವ ಬಿಗ್ ಮಫ್ ಪೆಡಲ್ ಬಂತು. ರ‍್ಯಾಟ್ ಪೆಡಲ್‌ನಲ್ಲಿ ಹಳೇ ಎಲ್‌ಎಂ 308 ಚಿಪ್ ಇದ್ದರೆ ಮಾತ್ರ ಆ ಒರಟುತನ ಬರುತ್ತದೆ ಅಂತ ಐದು ನಿಮಿಷ ವಿವರಿಸಿದವನು ನಾನೇ. ಹುಡುಗ ತಲೆ ಆಡಿಸುತ್ತಿದ್ದ. ಸ್ವಲ್ಪ ಹೊತ್ತಾದ ಮೇಲೆ ಬ್ಯಾಗಿನ ಜಿಪ್ ಎಳೆದ ಸದ್ದು ಕೇಳಿಸಿತು. ಗಿಟಾರ್ ಒಳಗೆ ಹೋಗಿತ್ತು.

ಆ ಜಿಪ್ ಸದ್ದು ಇನ್ನೂ ಕಿವಿಯಲ್ಲಿದೆ.

ಯಾಕೆಂದರೆ ನಾವು ಹೇಳಿದ ಎಲ್ಲಾ ಹೆಸರುಗಳೂ ಸರಿ, ಆದರೆ ಉತ್ತರ ತಪ್ಪು. ಆ ಬ್ಯಾಂಡಿನ ಸದ್ದು ಹುಟ್ಟಿದ್ದೇ ಅವನ ಕೈಲಿದ್ದಂಥ ಗಿಟಾರ್‌ಗಳಿಂದ. 1981ರಲ್ಲಿ ನ್ಯೂಯಾರ್ಕಿನಲ್ಲಿ ಶುರು ಮಾಡಿದಾಗ ಅವರ ಹತ್ತಿರ ದುಡ್ಡಿರಲಿಲ್ಲ. ಸಿಕ್ಕ ಅಗ್ಗದ ಗಿಟಾರ್ ಹಿಡಿದರು. ಅವು ಮಾಮೂಲಿ ಶ್ರುತಿಯಲ್ಲಿ ನೆಟ್ಟಗೆ ನಿಲ್ಲುತ್ತಿರಲಿಲ್ಲ, ಚೆನ್ನಾಗಿಯೂ ಕೇಳುತ್ತಿರಲಿಲ್ಲ. ಹಾಗಾಗಿ ಒಂದೊಂದು ಗಿಟಾರ್‌ಗೂ ಅದಕ್ಕೆ ಒಗ್ಗುವ ಶ್ರುತಿ ಹುಡುಕಿದರು. ಆ ಶ್ರುತಿಯಲ್ಲಿ ಹಾಡು ಕಟ್ಟಿದರು. ಆಮೇಲೆ ಆ ಗಿಟಾರ್ ಆ ಹಾಡಿಗೇ ಮೀಸಲಾಯಿತು. ಮೂರ್ ಮತ್ತು ರನಾಲ್ಡೊ ಇಬ್ಬರೂ ನ್ಯೂಯಾರ್ಕಿನ ಸಂಗೀತಗಾರ ಗ್ಲೆನ್ ಬ್ರಾಂಕಾ ಅವರ ಗಿಟಾರ್ ಮೇಳದಲ್ಲಿ ನುಡಿಸಿದವರು. ಹಲವು ತಂತಿಗಳನ್ನು ಒಂದೇ ಸ್ವರಕ್ಕೆ ಕೂಡಿಸಿ ಜೋರಾಗಿ ಮೀಟಿದರೆ ಏನಾಗುತ್ತದೆ ಅನ್ನುವುದು ಅವರಿಗೆ ಅಲ್ಲೇ ಗೊತ್ತಾಗಿತ್ತು.

ಅವರ ಹೆಸರಾದ ಶ್ರುತಿಗಳಲ್ಲಿ ಒಂದನ್ನು ನೋಡಿ. ಆರರಲ್ಲಿ ನಾಲ್ಕು ತಂತಿ ಎಫ್ ಶಾರ್ಪ್ ಸ್ವರದಲ್ಲಿ, ದಪ್ಪದ ಎರಡು ಕೆಳಗಿನ ಸ್ಥಾಯಿಯಲ್ಲಿ, ಮುಂದಿನ ಎರಡು ಮೇಲಿನ ಸ್ಥಾಯಿಯಲ್ಲಿ. ಉಳಿದ ಎರಡು ಇ ಮತ್ತು ಬಿ. ಒಂದೇ ಸ್ವರದ ಎರಡು ತಂತಿ ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೆ ನಡುವೆ ಒಂದು ಅಲೆ ಏಳುತ್ತದೆ. ಆ ಅಲೆಯೇ ಆ ಸಂಗೀತ. ನಮ್ಮಮ್ಮ ಕರ್ನಾಟಕ ಸಂಗೀತ ಕಲಿತವರು. ಎಷ್ಟೋ ವರ್ಷದ ಹಿಂದೆ ನನ್ನ ರೂಮಿನಿಂದ ಈ ಹಾಡುಗಳು ಕೇಳಿದಾಗ ಬಾಗಿಲಲ್ಲಿ ನಿಂತು, ‘ತಂಬೂರಿ ಶ್ರುತಿ ಸೇರಿಸೋವಾಗ ಹಿಂಗೇ ಅಲ್ವಾ ಕೇಳೋದು?’ ಅಂದಿದ್ದರು. ಪೆಡಲ್ ಅಂದರೆ ಏನು ಅಂತ ಅವರಿಗೆ ಗೊತ್ತಿರಲಿಲ್ಲ. ನಮ್ಮೆಲ್ಲರಿಗಿಂತ ಸರಿಯಾಗಿ ಕೇಳಿಸಿಕೊಂಡಿದ್ದು ಅವರೇ.

ಜಾಝ್‌ಮಾಸ್ಟರ್ ಕಥೆಯೂ ಅದೇ. ಫೆಂಡರ್ ಅದನ್ನು 1958ರಲ್ಲಿ ಜಾಝ್ ನುಡಿಸುವವರಿಗೆಂದು ತಂದಿತು. ಜಾಝ್‌ನವರು ಅಷ್ಟಾಗಿ ಮುಟ್ಟಲಿಲ್ಲ, ಸರ್ಫ್ ಸಂಗೀತದವರು ಹಿಡಿದರು. ಆಮೇಲೆ ಫ್ಯಾಷನ್ ಹೋಯಿತು, 1980ರ ಹೊತ್ತಿಗೆ ತಯಾರಿಸುವುದನ್ನೇ ನಿಲ್ಲಿಸಿದರು. ಯಾರಿಗೂ ಬೇಡವಾದ್ದರಿಂದ ಹಳೇ ಮಾಲು ಅಗ್ಗಕ್ಕೆ ಸಿಗುತ್ತಿತ್ತು. ಸೋನಿಕ್ ಯೂತ್ ಕೊಂಡಿದ್ದು ಅದಕ್ಕೆ! ಕೊಂಡು ಹಾಗೇ ಪೂಜೆ ಮಾಡಲಿಲ್ಲ. ತಂತಿಗಳು ಕೂರುವ ಬ್ರಿಡ್ಜ್ ಬದಲಿಸಿದರು, ಬೇಡದ ಸ್ವಿಚ್ಚು ವೈರು ಕಿತ್ತುಹಾಕಿದರು. 2009ರಲ್ಲಿ ಫೆಂಡರ್ ಮೂರ್ ಮತ್ತು ರನಾಲ್ಡೊ ಹೆಸರಲ್ಲೇ ಜಾಝ್‌ಮಾಸ್ಟರ್ ತಂದಾಗ ಅದರಲ್ಲಿ ಇದ್ದದ್ದು ತಿರುಗಿಸುವ ಒಂದೇ ಗುಬ್ಬಿ, ವಾಲ್ಯೂಮ್. ಅದೇ ಅರವತ್ತರ ದಶಕದ ಗಿಟಾರ್ ಇವತ್ತು ಲಕ್ಷಗಟ್ಟಲೆ. ಅದನ್ನು ತಗೊಂಡು ಬಾ ಅಂತ ಹತ್ತೊಂಬತ್ತು ವರ್ಷದವನಿಗೆ ಹೇಳಿ ಕಳಿಸಿದೆವಲ್ಲ, ಅದು ನನಗೆ ನುಂಗಲು ಆಗುತ್ತಿಲ್ಲ.

ನನ್ನದೇ ಒಂದು ವಿಷಯ ಹೇಳಿಬಿಡುತ್ತೇನೆ. 2006ರಲ್ಲಿ ನಾವು ಮೂರು ಜನ ಬ್ಯಾಂಡ್ ಕಟ್ಟಿದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಏಳು ಹಾಡು ಇದ್ದವು. ರೆಕಾರ್ಡ್ ಮಾಡೋಣ ಅಂತ ಡ್ರಮ್ಸ್ ಗೆಳೆಯ ವಾರವಾರ ಕೇಳುತ್ತಿದ್ದ. ಅಂಗಡಿಯೊಂದರಲ್ಲಿ ನನ್ನ ಗಿಟಾರ್ ನೋಡಿ, ಸರಿಯಾದ ಪೆಡಲ್ ಇಲ್ಲದೆ ಇದರಲ್ಲಿ ಏನೂ ಆಗೋದಿಲ್ಲ ಅಂದಿದ್ದರು. ನಾನು ನಂಬಿದೆ. ರ‍್ಯಾಟ್ ಬರಲಿ, ಆಮೇಲೆ ಮಾಡೋಣ ಅಂದೆ. ಒಂದೂವರೆ ವರ್ಷ ದುಡ್ಡು ಕೂಡಿಟ್ಟೆ. ಅಮೆರಿಕದಿಂದ ಬರುವ ನೆಂಟರೊಬ್ಬರ ಕೈಲಿ ತರಿಸಿದೆ. ಅಷ್ಟರಲ್ಲಿ ಗೆಳೆಯನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿ ಹೋಗಿಬಿಟ್ಟ. ಪೆಡಲ್ ಇವತ್ತಿಗೂ ಕಪಾಟಿನಲ್ಲಿದೆ. ಆ ಏಳು ಹಾಡಲ್ಲಿ ನನಗೀಗ ಎರಡು ಪೂರ್ತಿ ನೆನಪಿಲ್ಲ. ಅವನ ಹತ್ತಿರ ಇದನ್ನು ಯಾವತ್ತೂ ಹೇಳಿಲ್ಲ. ಇಲ್ಲಿ ಓದುತ್ತಿದ್ದರೆ, ಮಾರಾಯ, ತಪ್ಪಾಯಿತು.

ಹೀಗೆಲ್ಲಾ ಅನುಭವಿಸಿದ ಮೇಲೂ ಭಾನುವಾರ ಎಲ್‌ಎಂ 308 ಅಂತ ಮಾತಾಡಿದವನು ನಾನೇ ಅಲ್ವಾ. ಅದಕ್ಕೇ ಇಷ್ಟು ಸಂಕಟ.

ಅವತ್ತೇ ರಾತ್ರಿ ಗುಂಪಿನ ಹಿರಿಯ ಗೆಳೆಯರಿಗೆ ಫೋನ್ ಮಾಡಿ ಹೇಳಿದೆ. ಅವರು ಒಪ್ಪಲಿಲ್ಲ. ವಾದ್ಯ ಮುಖ್ಯ ಕಣಯ್ಯ ಅಂದರು. ಜಾಝ್‌ಮಾಸ್ಟರ್‌ನಲ್ಲಿ ಬ್ರಿಡ್ಜಿನ ಹಿಂದೆ ತಂತಿಗೆ ಉದ್ದ ಜಾಗ ಇದೆ, ಅಲ್ಲಿ ಮೀಟಿದರೆ ಗಂಟೆ ಬಾರಿಸಿದ ಹಾಗೆ ಕೇಳುತ್ತದೆ, ಬೇರೆ ಗಿಟಾರ್‌ನಲ್ಲಿ ಅದು ಎಲ್ಲಿದೆ ಅಂದರು. ನಿಜ, ಆ ಜಾಗ ಇದೆ. ಆದರೆ ನೆಕ್ಕಿನ ಹನ್ನೆರಡನೇ ಫ್ರೆಟ್ (ಅಡ್ಡಪಟ್ಟಿ) ಹತ್ತಿರ ತಂತಿಗಳ ಕೆಳಗೆ ಒಂದು ಸ್ಕ್ರೂಡ್ರೈವರ್ ತೂರಿಸಿದರೆ ಯಾವ ಗಿಟಾರ್‌ನಲ್ಲಾದರೂ ಅಂಥ ಗಂಟೆ ಕೇಳುತ್ತದೆ. ಆ ಬ್ಯಾಂಡ್ ಶುರುವಿನ ದಿನಗಳಲ್ಲಿ ಮಾಡಿದ್ದೂ ಅದನ್ನೇ. ಡ್ರಮ್ ಕಡ್ಡಿಯನ್ನೂ ತೂರಿಸುತ್ತಿದ್ದರು.

ಗೆಳೆಯರು ಇನ್ನೊಂದನ್ನೂ ಹೇಳಿದರು. 1999ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಆರೆಂಜ್ ಊರಲ್ಲಿ ಆ ಬ್ಯಾಂಡಿನ ಸಾಮಾನಿನ ಟ್ರಕ್ಕನ್ನೇ ಕಳ್ಳರು ಹೊಡೆದುಕೊಂಡು ಹೋದರು. ವರ್ಷಗಳ ನಂತರ ಕೆಲವು ಗಿಟಾರ್ ವಾಪಸ್ ಸಿಕ್ಕವು, ಅದರಲ್ಲಿ ಕಣ್ಣಿಟ್ಟು ಹುಡುಕಿದ ಅಭಿಮಾನಿಗಳ ಪಾಲೂ ಇತ್ತು. ಗೇರ್ ಹುಚ್ಚು, ಅಂದರೆ ವಾದ್ಯ ಸಾಮಾನಿನ ಹುಚ್ಚು, ಇಲ್ಲದೆ ಇದ್ದರೆ ಗುರುತು ಹಿಡಿಯುತ್ತಿದ್ದರಾ ಅಂತ ಅವರ ಪ್ರಶ್ನೆ. ಅದಕ್ಕೆ ನಾನೂ ಕೈ ಮುಗಿಯುತ್ತೇನೆ. ಆದರೆ ಅದೇ ಕಥೆಯ ಉಳಿದ ಅರ್ಧ ಏನು? ಗಿಟಾರ್ ಹೋದವು ಅಂದರೆ ಶ್ರುತಿಗಳೂ ಹೋದವು, ಎಷ್ಟೋ ಹಳೇ ಹಾಡುಗಳನ್ನು ನುಡಿಸುವುದೇ ಕಷ್ಟವಾಯಿತು. ಅವರು ಸುಮ್ನೆ ಕೂರಲಿಲ್ಲ. ಮೂಲೆಯಲ್ಲಿ ಬಿದ್ದಿದ್ದ ಹಳೇ ಗಿಟಾರ್‌ಗಳನ್ನು ತೆಗೆದರು, ಹೊಸದಾಗಿ ಹಾಡು ಕಟ್ಟಿದರು. ಮುಂದಿನ ವರ್ಷ, 2000ದಲ್ಲಿ, ಇಡೀ ಆಲ್ಬಮ್ ಬಂತು. ಅದೇ ಗಿಟಾರ್ ಸಿಗಲಿ ಅಂತ ಕಾದವರು ಅವರಲ್ಲ. ಕಾದವನು ನಾನು.

ಹಿರಿಯ ಗೆಳೆಯರು ಫೋನ್ ಇಟ್ಟರು. ಸಿಟ್ಟಾಗಿದ್ದಾರೆ. ಇರಲಿ.

ಸೋಮವಾರ ಕೆಲಸ ಮುಗಿಸಿ ಆ ಹುಡುಗನ ಮನೆಗೆ ಹೋದೆ. ಒಂದು ಸೆಟ್ ಅಲ್ಲ, ಎರಡು ಸೆಟ್ ತಂತಿ ತಗೊಂಡು ಹೋಗಿದ್ದೆ. ಕಾರಣ ಇದೆ. ಆ ಎಫ್ ಶಾರ್ಪ್ ಶ್ರುತಿಗೆ ಮಾಮೂಲಿ ನಾಲ್ಕನೇ ತಂತಿಯನ್ನು (ತೆಳು ತಂತಿಯ ಕಡೆಯಿಂದ ಎಣಿಸಿ) ಎಳೆದರೆ ತುಂಡಾಗುವ ಭಯ. ಅದರ ಜಾಗಕ್ಕೂ ಮೂರನೇ ತಂತಿಯನ್ನೇ ಹಾಕಬೇಕು. ಎರಡನೇ ತಂತಿಯನ್ನು ಇ ತನಕ ಇಳಿಸಿದರೆ ಜೋತು ಬೀಳುತ್ತದೆ, ಅಲ್ಲಿಗೂ ದಪ್ಪದ್ದು ಬೇಕು. ಅಲ್ಲಿಂದ ತೆಗೆದ ಎರಡನೇ ತಂತಿ ಮೊದಲನೇ ಜಾಗಕ್ಕೆ ಸರಿಯಾಗುತ್ತದೆ. ನೆಲದ ಮೇಲೆ ಕೂತು ಇಬ್ಬರೂ ಸೇರಿ ಹಾಕಿದೆವು. ಸಡಿಲ ಕಿವಿಗೆ ಸಣ್ಣ ಸ್ಕ್ರೂ ಬಿಗಿ ಮಾಡಿದ.

ಪೆಡಲ್ ಇಲ್ಲ. ಅಂಗೈಯಗಲದ ಪ್ರಾಕ್ಟೀಸ್ ಆಂಪ್. ಆರೂ ತಂತಿ ಒಟ್ಟಿಗೆ ಮೀಟಿದ. ಬಾಗಿದ ನೆಕ್ಕಿನಿಂದ ಒಂದು ತಂತಿ ಸ್ವಲ್ಪ ಓರೆ ಮಾತಾಡಿತು. ಅದರಿಂದಲೇ ಆ ಅಲೆ ಎದ್ದಿತು! ಅವನು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಇಬ್ಬರಿಗೂ ಮಾತು ಬರಲಿಲ್ಲ. ಆಮೇಲೆ ಅಡುಗೆಮನೆಯಿಂದ ಒಂದು ಚಮಚ ತಂದು ತಂತಿಗಳ ಕೆಳಗೆ ತೂರಿಸಿದ. ಅದು ನಾನು ಹೇಳಿಕೊಟ್ಟಿದ್ದಲ್ಲ.

ಇವತ್ತು ಬೆಳಿಗ್ಗೆ ಎರಡು ನಿಮಿಷದ ಹಾಡೊಂದನ್ನು ಕಳಿಸಿದ್ದಾನೆ. ನನಗಂತೂ ತುಂಬಾ ಇಷ್ಟವಾಯಿತು. ಈ ಶ್ರುತಿ ಈ ಗಿಟಾರ್‌ನಲ್ಲೇ ಇರಲಿ, ಬೇರೆ ಶ್ರುತಿಗೆ ಇನ್ನೊಂದು ಗಿಟಾರ್ ಬೇಕಿತ್ತು ಅಂತ ಕೇಳುತ್ತಿದ್ದಾನೆ. ನಿಮ್ಮ ಅಟ್ಟದ ಮೇಲೆ, ಮಂಚದ ಕೆಳಗೆ ಯಾರೂ ಮುಟ್ಟದ ಎಲೆಕ್ಟ್ರಿಕ್ ಗಿಟಾರ್ ಇದ್ದರೆ ದಯವಿಟ್ಟು ಇನ್‌ಬಾಕ್ಸ್‌ಗೆ ಬನ್ನಿ. ನೆಕ್ ಬಾಗಿದ್ದರೂ ಪರವಾಗಿಲ್ಲ. ಬಂದು ತಗೊಂಡು ಹೋಗುವ ಜವಾಬ್ದಾರಿ ನನ್ನದು.