ಪಟ್ಟಿ ಪುಟದಲ್ಲೇ ಇರಬೇಕು

ಕಾಸರಗೋಡು ಜಿಲ್ಲೆಯ ಮುಳ್ಳೇರಿಯದ ಆಚೆ, ಗುಡ್ಡದ ಬುಡದಲ್ಲಿ ಮನೆಯಿರುವ ನಿವೃತ್ತ ಅಧ್ಯಾಪಕರೊಬ್ಬರು ಕಳೆದ ಮಳೆಗಾಲದಲ್ಲಿ ಫೋನ್ ಮಾಡಿದ್ದರು. "ನಿಮ್ಮ ವಾಚನಾಲಯದ ಜಾಲಪುಟ ತೆರೆದರೆ ಮೇಲೆ ಹೆಸರು ಮಾತ್ರ ಬರುತ್ತದೆ, ಕೆಳಗೆಲ್ಲ ಬಿಳಿ. ಪುಸ್ತಕಗಳು ಎಲ್ಲಿಗೆ ಹೋದವು ಮಾರಾಯರೇ?"

ಆ ಪುಟದ ಮೂಲವನ್ನು ತೆರೆದು ನೋಡಿದೆ. ಸಿಟ್ಟು ಬಂತು. 600 ಪುಸ್ತಕಗಳಲ್ಲಿ ಒಂದರ ಹೆಸರೂ ಅದರೊಳಗಿಲ್ಲ! ಇದ್ದದ್ದು ಖಾಲಿ ಚೌಕಟ್ಟು ಮತ್ತು ಜಾವಾಸ್ಕ್ರಿಪ್ಟ್ (ಬ್ರೌಸರಿನಲ್ಲಿ ಓಡುವ ಪ್ರೋಗ್ರಾಂ) ಕಡತಗಳ ವಿಳಾಸ. ಓದುಗರ ಮೊಬೈಲ್ ಮೊದಲು ಆ ಕಡತಗಳನ್ನು ತರಿಸಿಕೊಳ್ಳಬೇಕು, ಅವು ಸರ್ವರಿನಿಂದ ಪಟ್ಟಿಯನ್ನು ಕೇಳಿ ಪಡೆಯಬೇಕು, ಆಮೇಲೆ ಒಂದೊಂದೇ ಸಾಲನ್ನು ಕಟ್ಟಬೇಕು. ನಡುವೆ ಎಲ್ಲಿ ಸಿಗ್ನಲ್ ಕಡಿದರೂ ಬಿಳಿ ಪುಟವೇ ಗತಿ. ಊಟಕ್ಕೆ ಕರೆದು, ಎಲೆ ಹಾಕಿ, ಬಂದವರ ಕೈಗೆ ಅಕ್ಕಿ ಕೊಟ್ಟು ಬೇಯಿಸಿಕೊಳ್ಳಿ ಎಂದ ಹಾಗೆ.

ಸ್ಕ್ರಿಪ್ಟ್ ಇಲ್ಲದಾಗ ತೋರಿಸಬೇಕಾದ ಬರಹಕ್ಕೆ ನೋಸ್ಕ್ರಿಪ್ಟ್ ಎಂಬ ಟ್ಯಾಗ್ (ಪುಟದ ಮೂಲದಲ್ಲಿ ಬರೆಯುವ ಗುರುತು) ಇದೆಯಲ್ಲ ಎಂದರು ಸ್ನೇಹಿತರೊಬ್ಬರು. ಅದರೊಳಗಿನ ಬರಹ ಕಾಣಿಸುವುದು ಬ್ರೌಸರಿನಲ್ಲಿ ಸ್ಕ್ರಿಪ್ಟನ್ನು ನಿಲ್ಲಿಸಿಟ್ಟವರಿಗೆ. ಅಧ್ಯಾಪಕರು ಏನನ್ನೂ ನಿಲ್ಲಿಸಿರಲಿಲ್ಲ. ಸ್ಕ್ರಿಪ್ಟ್ ಅವರ ಮನೆಯ ತನಕ ತಲುಪಲೇ ಇಲ್ಲ.

ಈಗ ಪಟ್ಟಿ ನನ್ನ ಕಂಪ್ಯೂಟರಿನ ಸ್ಪ್ರೆಡ್‌ಶೀಟಿನಲ್ಲಿದೆ. ಹೊಸ ಪುಸ್ತಕ ಬಂದಾಗ ಸಣ್ಣದೊಂದು ಪ್ರೋಗ್ರಾಂ ಓಡಿಸಿದರೆ ಇಡೀ ಪಟ್ಟಿಯಿರುವ, ಬ್ರೌಸರ್ ನೇರವಾಗಿ ತೋರಿಸಬಲ್ಲ ಎಚ್‌ಟಿಎಂಎಲ್ ಪುಟ ತಯಾರಾಗುತ್ತದೆ. ಅದನ್ನೇ ಸರ್ವರಿಗೆ ಏರಿಸುತ್ತೇನೆ. ಪುಟ ಭಾರವಾಗುವುದಿಲ್ಲವೇ ಎಂದು ಕೇಳಿದವರಿಗೆ ಲೆಕ್ಕ ಹಾಕಿ ತೋರಿಸಿದೆ. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ (ಅಕ್ಷರ ಅಥವಾ ಸ್ವರಚಿಹ್ನೆ) 3 ಬೈಟ್ ಬೇಕು. ಕೃತಿ, ಲೇಖಕರ ಹೆಸರು ಸೇರಿ ಸಾಲಿಗೆ 50 ಸಂಕೇತ ಎಂದರೂ 600 ಪುಸ್ತಕಗಳಿಗೆ 90,000 ಬೈಟ್. ಸರ್ವರ್ ಕುಗ್ಗಿಸಿ ಕಳುಹಿಸಿದರೆ ಇನ್ನೂ ಕಡಿಮೆ. ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಹುಡುಕುವ ಸೌಲಭ್ಯಕ್ಕೆ ಮಾತ್ರ ಸ್ಕ್ರಿಪ್ಟನ್ನು ಉಳಿಸಿದ್ದೇನೆ; ಅದು ಕೈಕೊಟ್ಟರೂ ಪಟ್ಟಿ ಇರುತ್ತದೆ.

ಇಷ್ಟೊಂದು ಹಟ ಏಕೆ ಎಂದು ಕೇಳಬಹುದು. 1956ರ ನವೆಂಬರ್ 1ರಿಂದ ಕಾಸರಗೋಡು ಕೇರಳದಲ್ಲಿದೆ. ಇಲ್ಲಿ ಕನ್ನಡದ ಬರಹವನ್ನು ಹುಡುಕಿಕೊಂಡು ಹೋಗಬೇಕು. ಗೂಗಲ್ ಸ್ಕ್ರಿಪ್ಟನ್ನೂ ಓಡಿಸಿ ನೋಡುತ್ತದೆ, ನಿಜ. ಆದರೆ ಪುಟಗಳನ್ನು ಕಲೆಹಾಕುವ ಎಷ್ಟೋ ತಂತ್ರಾಂಶಗಳು ಹಾಗೆ ಮಾಡುವುದಿಲ್ಲ. ಅವುಗಳ ಪಾಲಿಗೆ ನಮ್ಮ ವಾಚನಾಲಯದಲ್ಲಿ ಒಂದು ಪುಸ್ತಕವೂ ಇರಲಿಲ್ಲ! ಮಂಜೇಶ್ವರ ಗೋವಿಂದ ಪೈಗಳ ಊರಿನ ಪಕ್ಕದಲ್ಲೇ ಇದ್ದುಕೊಂಡು ಅವರ ಕೃತಿಗಳನ್ನು ನಾವೇ ಮರೆಮಾಡಿದಂತಾಗಿತ್ತು. ವೆಬ್ಬನ್ನು ಕಂಡುಹಿಡಿದ ಟಿಮ್ ಬರ್ನರ್ಸ್-ಲೀ ಅವರು ಯುರೋಪಿನ ಭೌತವಿಜ್ಞಾನ ಸಂಸ್ಥೆಯಾದ ಸರ್ನ್‌ನಲ್ಲಿದ್ದಾಗ, 1990ರ ದಶಕದ ಆರಂಭದಲ್ಲಿ, ಬರೆದ ಪುಟಗಳು ಇಂದಿನ ಮೊಬೈಲಿನಲ್ಲೂ ತೆರೆದುಕೊಳ್ಳುತ್ತವೆ. ಬರಹ ಕಡತದೊಳಗೇ ಇದೆ, ಅಷ್ಟೇ. ನಮ್ಮ ಪಟ್ಟಿಯೂ ಅಷ್ಟು ಕಾಲ ಬಾಳಬೇಕೆಂಬುದು ನನ್ನ ಆಸೆ.

ಹೊಸ ಪುಟ ಏರಿಸಿದ ವಾರದಲ್ಲೇ ಅಧ್ಯಾಪಕರು ಮತ್ತೆ ಫೋನ್ ಮಾಡಿದರು. ಪಟ್ಟಿಯನ್ನು ಕೊನೆಯ ತನಕ ಓದಿದ್ದರು. ಕಯ್ಯಾರ ಕಿಞ್ಞಣ್ಣ ರೈಗಳ ಹೆಸರಿನಲ್ಲಿ ಞಕಾರ ತಪ್ಪಿದೆ, "ಕಿನ್ನಣ್ಣ" ಎಂದಾಗಿದೆ, ತಿದ್ದಿ ಎಂದರು. ಆ ರಾತ್ರಿಯೇ ತಿದ್ದಿ ಏರಿಸಿದೆ.