ಐದೇ ಅಕ್ಷರ

ನಲಿಕಲಿ ಅಂದರೆ ಸರ್ಕಾರಿ ಶಾಲೆಯ ಚಿಕ್ಕ ಮಕ್ಕಳು ನಲಿಯುತ್ತಾ ಕಲಿಯುವ ಪದ್ಧತಿ. ಆ ತರಗತಿಯಲ್ಲಿ ನಾವು ಅ ಆ ಇ ಈ ಅಂತ ಶುರು ಮಾಡುವುದಿಲ್ಲ. ಮೊದಲು ರ, ಗ, ಸ, ದ, ಅ. 49 ಅಕ್ಷರಗಳಲ್ಲಿ ಇವು ಐದೇ. ಆದರೆ ಇಷ್ಟರಲ್ಲೇ ಸರ, ದರ, ಅರಸ, ಅಗಸ ಎಲ್ಲಾ ಓದಬಹುದು. ಅದೇ ಙ, ಞ, ಝ, ಢ, ಋ ಕಲಿಸಿದ್ದರೆ? ಅವೂ ಐದೇ, ಮಗುವಿಗೆ ಒಂದು ಪದವೂ ಸಿಗುತ್ತಿರಲಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಈ ಪದ್ಧತಿ ಶುರು ಮಾಡಿದವರಿಗೆ ನಾನು ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಮೊನ್ನೆ ಒಬ್ಬ ಹುಡುಗ ಬೆರಳಿಟ್ಟು "ಗ... ರ... ಗ... ಸ" ಅಂತ ಓದಿದ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಎದ್ದು ನಿಂತು, "ಟೀಚರ್, ಗರಗಸ! ನಮ್ಮಪ್ಪನ ಹತ್ರ ಐತೆ!" ಅಂತ ಕೂಗಿದ. ಅವರಪ್ಪ ಮರಗೆಲಸ ಮಾಡುತ್ತಾರೆ.

ಮಕ್ಕಳಿಗೆ ಐದೇ ಅಕ್ಷರ ಕೊಡುವ ನಾನು ನನ್ನ ಕೆಲಸದಲ್ಲಿ ಹಾಗಿರಲಿಲ್ಲ. ಹೋದ ವರ್ಷ ಜೂನ್‌ನಲ್ಲಿ ಡೈರಿಯಲ್ಲಿ ಹದಿನಾಲ್ಕು ಗುರಿ ಬರೆದಿದ್ದೆ. ಕೈತೋಟ, ಗೋಡೆಪತ್ರಿಕೆ, ಇಂಗ್ಲಿಷ್ ಮಾತು, ಪ್ರತಿಭಾ ಕಾರಂಜಿ ತಯಾರಿ... ಯಾವುದೂ ಕೆಟ್ಟದ್ದಲ್ಲ. ದಸರಾ ರಜೆ ಹೊತ್ತಿಗೆ ಬದನೆ ಗಿಡ ಒಣಗಿತ್ತು. ಗೋಡೆಪತ್ರಿಕೆಯಲ್ಲಿ ಇನ್ನೂ ಆಗಸ್ಟ್ 15ರ ಚಿತ್ರವೇ ಇತ್ತು. ನಿಜವಾಗಿ ಹೊಟ್ಟೆ ಉರಿದಿದ್ದು ಬೇರೆಯದಕ್ಕೆ. ಎರಡನೇ ಕ್ಲಾಸಿನ ಏಳು ಮಕ್ಕಳು ಒತ್ತಕ್ಷರ ಬಂದ ಕಡೆಯೆಲ್ಲ ನಿಂತುಬಿಡುತ್ತಿದ್ದರು. ನಾನು ದಿನವಿಡೀ ಓಡಾಡುತ್ತಿದ್ದೆ, ಅವರ ಪಕ್ಕ ಕೂತಿರಲಿಲ್ಲ.

ಕೆಲಸದಲ್ಲಿ ಗಮನ ನಿಲ್ಲುತ್ತಿಲ್ಲ ಅಂತ ನಮ್ಮನ್ನು ನಾವೇ ಬೈದುಕೊಳ್ಳುತ್ತೇವೆ ಅಲ್ವಾ? ನನಗನ್ನಿಸುವುದು, ಗಮನ ಇದ್ದೇ ಇರುತ್ತದೆ. ಹದಿನಾಲ್ಕು ಕಡೆ ಹಂಚಿಬಿಟ್ಟಿರುತ್ತೇವೆ, ಅಷ್ಟೆ.

ಈ ವರ್ಷ ಎರಡೇ ಬರೆದೆ. ಮೂರನೇ ಕ್ಲಾಸು ಮುಗಿಯುವಷ್ಟರಲ್ಲಿ ಪ್ರತಿ ಮಗುವೂ ಒಂದು ಪುಟ ಕತೆ ತಡವರಿಸದೆ ಓದಬೇಕು. ದಶಕ ತೆಗೆದುಕೊಂಡು ಕಳೆಯುವ ಲೆಕ್ಕ ಬರಬೇಕು. ಓದಲು ಬಂದ ಮಗು ಉಳಿದದ್ದನ್ನು ತಾನೇ ಹುಡುಕಿಕೊಳ್ಳುತ್ತದೆ ಅಂತ ನನ್ನ ನಂಬಿಕೆ. ಇಲಾಖೆಯವರು ಕೇಳಿದ ಮಾಹಿತಿ ಕಳಿಸುವುದು ತಪ್ಪುವುದಿಲ್ಲ, ಅದನ್ನು ಮಧ್ಯಾಹ್ನ ಮಾಡುತ್ತೇನೆ. ಬೆಳಿಗ್ಗೆ ಮೊದಲ 40 ನಿಮಿಷ ಫೋನ್ ಬೀರುವಿನೊಳಗೆ. ಕೈತೋಟ ಈ ಸಲ ಬೇಡ ಅಂದಾಗ ಜೊತೆಯ ಮೇಡಂಗೆ ಬೇಜಾರಾಯಿತು. ನನಗೂ ಆಯಿತು. ಒಳ್ಳೆಯದನ್ನು ಬಿಡುವುದು ಕೆಟ್ಟದ್ದನ್ನು ಬಿಡುವುದಕ್ಕಿಂತ ಜಾಸ್ತಿ ಕಷ್ಟ.

ಆ ಏಳರಲ್ಲಿ ಐದು ಮಕ್ಕಳು ಈಗ ಸರಾಗವಾಗಿ ಓದುತ್ತಾರೆ. ಉಳಿದ ಇಬ್ಬರು ಅಕ್ಕ, ಅಜ್ಜಿ, ಹಣ್ಣು ದಾಟಿದ್ದಾರೆ. ರಸ್ತೆ, ಪುಸ್ತಕ ಬಂದರೆ ನನ್ನ ಮುಖ ನೋಡುತ್ತಾರೆ. ಸೋಮವಾರ ಅಲ್ಲಿಂದಲೇ ಶುರು.